ಕಿಸೆಯೊಳಗೊಂದು ಆಟದ ತಟ್ಟೆ

ಹೆಬಳೆಯ ವಿದ್ಯಾರ್ಥಿಯೊಬ್ಬನ ಮನೆಯಲ್ಲಿ ಹಳೆಯ ಪ್ಲೇಸ್ಟೇಷನ್ ಯಂತ್ರದ ಆಟದ ಸಿ.ಡಿ.ಗಳಿವೆಯೆಂದು ಭಾವಿಸೋಣ. 1994ರಲ್ಲಿ ಜಪಾನಿನಲ್ಲಿ ಮಾರಾಟಕ್ಕೆ ಬಂದ ಆ ಯಂತ್ರವನ್ನು ಅನುಕರಿಸುವ ತಂತ್ರಾಂಶವು, ಎಂದರೆ ಎಮ್ಯುಲೇಟರು, ಇಂದು ಮೊಬೈಲ್ ಫೋನಿನಲ್ಲಿಯೂ ನಡೆಯುತ್ತದೆ. ಆದರೆ ಫೋನಿಗೆ ತಟ್ಟೆಯನ್ನು ಹಾಕಲಾಗದು. ಅದರ ಪ್ರತಿಯನ್ನು ಕಡತವಾಗಿ ಒದಗಿಸಬೇಕು. ಆ ಕಡತವು ಯಾವ ರೂಪದಲ್ಲಿರಬೇಕು?

ಸಿ.ಡಿ.ಯ ಪ್ರತಿಯೊಂದು ಖಂಡದಲ್ಲಿಯೂ 2352 ಬೈಟುಗಳಿವೆ. ದತ್ತಾಂಶದ ಖಂಡದಲ್ಲಿ ಸಾಮಾನ್ಯವಾಗಿ 2048 ಬೈಟುಗಳು ವಿಷಯಕ್ಕೂ, ಉಳಿದವು ಗುರುತು ಮತ್ತು ದೋಷಪರಿಹಾರಗಳಿಗೂ ಮೀಸಲು. ಸಂಗೀತದ ಖಂಡದಲ್ಲಾದರೋ 2352 ಬೈಟುಗಳೂ ಸಂಗೀತವೇ. 'ಐ.ಎಸ್.ಓ.' ಕಡತವು 2048 ಬೈಟುಗಳ ವಿಷಯವನ್ನು ಮಾತ್ರ ಇಟ್ಟುಕೊಳ್ಳುವುದರಿಂದ, ತಟ್ಟೆಯಲ್ಲಿ ಪ್ರತ್ಯೇಕವಾಗಿದ್ದ ಸಂಗೀತವು ಬಿಟ್ಟುಹೋಗುತ್ತದೆ. 'ಬಿನ್' ಕಡತವು 2352 ಬೈಟುಗಳನ್ನೂ ಉಳಿಸುತ್ತದೆ. ಜೊತೆಯ 'ಕ್ಯೂ' ಎಂಬ ಪುಟ್ಟ ಕಡತವು ಯಾವುದು ಎಲ್ಲಿದೆಯೆಂದು ತಿಳಿಸುತ್ತದೆ. ಆದರೆ ಒಂದೇ ತಟ್ಟೆಗೆ 700 ಮೆಗಾಬೈಟಿನಷ್ಟು ಜಾಗ ಬೇಕಾದೀತು.

ಹಾಗಾದರೆ 'ಜಿಪ್' ಮಾಡಬಹುದೇ? ಒಂದೇ ಗಂಟಾಗಿ ಕಟ್ಟಿದುದನ್ನು ಮೊದಲಿನಿಂದ ಬಿಚ್ಚದೆ ನಡುವಿನ ಖಂಡವು ದೊರೆಯದು. ಆಟವಾದರೋ ಕ್ಷಣಕ್ಕೊಂದು ಮೂಲೆಯನ್ನು ಬೇಡುತ್ತದೆ. 'ಸಿ.ಎಚ್.ಡಿ.' ರೂಪದ ಜಾಣ್ಮೆಯಿರುವುದು ಇಲ್ಲಿಯೇ. ಅದು ದತ್ತಾಂಶವನ್ನು ಸಣ್ಣ ತುಣುಕುಗಳಾಗಿ ವಿಂಗಡಿಸಿ, ಒಂದೊಂದನ್ನೂ ಬೇರೆಬೇರೆಯಾಗಿ ಕುಗ್ಗಿಸಿ, ಅವುಗಳ ಸ್ಥಾನಸೂಚಿಯನ್ನೂ ಇಟ್ಟುಕೊಂಡಿರುತ್ತದೆ. ಬೇಕಾದ ತುಣುಕನ್ನಷ್ಟೇ ಬಿಚ್ಚಿದರಾಯಿತು. ಸಂಗೀತವೂ ಉಳಿಯುತ್ತದೆ, ಜಾಗವೂ ಉಳಿಯುತ್ತದೆ.

ಆದುದರಿಂದ ನಮ್ಮ ಎಮ್ಯುಲೇಟರು ಓದಬಲ್ಲುದಾದರೆ ಸಿ.ಎಚ್.ಡಿ.ಯನ್ನೇ ಆರಿಸೋಣ, ಇಲ್ಲವಾದರೆ ಬಿನ್-ಕ್ಯೂ ಜೋಡಿಯನ್ನು. ಆದರೆ ಪ್ರತಿಯು ನಾವು ಕೊಂಡ ತಟ್ಟೆಯಿಂದಲೇ ತೆಗೆದುದಾಗಿರಲಿ.