ಜಜ್ಜಿದ ಕಾರಿಗೆ ಬೆಲೆ ಕಟ್ಟುವವರು

ಅಪಘಾತಕ್ಕೆ ಸಿಕ್ಕ ಕಾರು ಗ್ಯಾರೇಜಿಗೆ ಬಂದರೆ ಅದರ ಲೆಕ್ಕವನ್ನು ಮೂವರು ಮಾಡುತ್ತಾರೆ. ಗ್ಯಾರೇಜಿನವರು ಎಸ್ಟಿಮೇಟ್ ಬರೆಯುತ್ತಾರೆ, ಸರ್ವೇಯರ್ ಅದರಲ್ಲಿ ಒಂದಿಷ್ಟು ಹೊಡೆದುಹಾಕುತ್ತಾರೆ, ಕೊನೆಗೆ ವಿಮಾ ಕಂಪನಿ ಒಂದು ಮೊತ್ತ ಹೇಳುತ್ತದೆ. ಆ ಮೊತ್ತ ಕಡಿಮೆಯಾಯಿತೆಂದು ಕೌಂಟರಿನ ಮುಂದೆ ಕೂಗಾಡುವವರಿಗೆ ಲೆಕ್ಕವಿಲ್ಲ. ಯಾವ ಸಾಲಿನಲ್ಲಿ, ಯಾವ ನಿಯಮದಂತೆ, ಎಷ್ಟು ಕಡಿತವಾಯಿತು ಎಂದು ಕೇಳುವವರು ವಿರಳ. ತಕರಾರಿನಲ್ಲಿ ಏನಾದರೂ ದಕ್ಕುವುದಿದ್ದರೆ ಅದು ಈ ವಿರಳ ಜಾತಿಯವರಿಗೇ.

ಮೊದಲು ಪಾಲಿಸಿಯ ಮುಖಪುಟ ನೋಡಬೇಕು. ಅಲ್ಲಿ ಐಡಿವಿ ಎಂಬ ಅಂಕಿ ಇರುತ್ತದೆ. ಕಾರು ಪೂರ್ತಿ ಹೋದರೆ ಕಂಪನಿ ಕೊಡಬೇಕಾದ ಬೆಲೆ ಅದು. ಆ ಮಾದರಿಯ ಹೊಸ ಕಾರಿಗೆ ತಯಾರಕರು ನಿಗದಿ ಮಾಡಿದ ಮಾರಾಟ ಬೆಲೆಯಿಂದ ವಯಸ್ಸಿನ ಸವಕಳಿ ಕಳೆದು ಇದನ್ನು ಕಟ್ಟುತ್ತಾರೆ. ಆರು ತಿಂಗಳೊಳಗಿನ ಕಾರಿಗೆ ಶೇ. 5, ವರ್ಷದೊಳಗೆ ಶೇ. 15, ಎರಡನೆಯ ವರ್ಷಕ್ಕೆ ಶೇ. 20, ಅಲ್ಲಿಂದ ವರ್ಷಕ್ಕೆ ಹತ್ತರಂತೆ ಏರಿ ಐದನೆಯ ವರ್ಷಕ್ಕೆ ಶೇ. 50. ಐದು ವರ್ಷ ದಾಟಿದ ಕಾರಿಗೆ ಕೋಷ್ಟಕವಿಲ್ಲ, ಕಂಪನಿ ಮತ್ತು ಮಾಲೀಕರು ಒಪ್ಪಿದ್ದೇ ಬೆಲೆ. ಪ್ರೀಮಿಯಂ ಸಾವಿರ ರೂಪಾಯಿ ಇಳಿಯಲಿ ಎಂದು ಆನ್‌ಲೈನಿನಲ್ಲಿ ಐಡಿವಿಯನ್ನು ಕೆಳಕ್ಕೆ ಎಳೆದವರು ಅಪಘಾತದ ನಂತರ ಜಗಳಕ್ಕೆ ನಿಂತರೆ ನ್ಯಾಯ ಅವರ ಕಡೆ ಇರುವುದಿಲ್ಲ.

ಆದರೆ ಒಮ್ಮೆ ನಮೂದಾದ ಐಡಿವಿ ಕಂಪನಿಯನ್ನೂ ಕಟ್ಟಿಹಾಕುತ್ತದೆ. ಪೂರ್ಣ ನಷ್ಟದ ಕ್ಲೇಮಿನಲ್ಲಿ ಪಾಲಿಸಿಯ ಅವಧಿಯುದ್ದಕ್ಕೂ ಅದೇ ಮಾರುಕಟ್ಟೆ ಬೆಲೆ, ಮತ್ತೆ ಸವಕಳಿ ಕಳೆಯುವಂತಿಲ್ಲ ಎಂದು ಪಾಲಿಸಿಯ ಒಕ್ಕಣೆಯಲ್ಲೇ ಇರುತ್ತದೆ. ಓರಿಯಂಟಲ್ ಇನ್ಶೂರೆನ್ಸ್ ಕಂಪನಿಯ ವಿರುದ್ಧದ ಒಂದು ಪ್ರಕರಣ 2008ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ತೀರ್ಮಾನವಾಯಿತು. ವಾಹನಕ್ಕೆ 3,54,000 ರೂಪಾಯಿ ಬೆಲೆ ಒಪ್ಪಿ ಪ್ರೀಮಿಯಂ ಪಡೆದಿದ್ದ ಕಂಪನಿ, ಕೆಲವೇ ತಿಂಗಳಲ್ಲಿ ಅಪಘಾತವಾದಾಗ ಅದರ ಅರ್ಧದ ಆಸುಪಾಸಿಗೆ ಇಳಿದಿತ್ತು. ತಾನೇ ಒಪ್ಪಿದ ಬೆಲೆಯಿಂದ ಕಂಪನಿ ಹೀಗೆ ಜಾರಿಕೊಳ್ಳುವಂತಿಲ್ಲ ಎಂದಿತು ನ್ಯಾಯಾಲಯ.

ಕಾರು ‘ಪೂರ್ತಿ ಹೋಯಿತು’ ಎನ್ನುವುದು ಯಾವಾಗ? ಎಳೆದು ತಂದ ಖರ್ಚು ಮತ್ತು ಪಾಲಿಸಿಯ ಷರತ್ತಿನಂತೆ ಒಪ್ಪಿದ ರಿಪೇರಿ ವೆಚ್ಚ ಸೇರಿ ಐಡಿವಿಯ ಶೇ. 75 ದಾಟಿದಾಗ. ನಾಲ್ಕು ಲಕ್ಷದ ಐಡಿವಿ ಇರುವ ಕಾರಿಗೆ ಗಡಿ ಮೂರು ಲಕ್ಷ. ಸರ್ವೇಯರ್ 2,85,000ಕ್ಕೆ ನಿಲ್ಲಿಸಿದರೆ ಕಾರು ರಿಪೇರಿಗೆ ಹೋಗುತ್ತದೆ. ಬಿಚ್ಚಿದ ಮೇಲೆ ಚಾಸಿಯೋ ಸ್ಟಿಯರಿಂಗೋ ಬಾಗಿರುವುದು ಕಂಡು ಇನ್ನೂ 30,000 ಸೇರಿದರೆ ಅದೇ ಕಾರು ಟೋಟಲ್ ಲಾಸ್. ಆದ್ದರಿಂದ ಬಿಚ್ಚಿದ ಹಂತದಲ್ಲಿ ಗ್ಯಾರೇಜಿನಿಂದ ಪೂರಕ ಎಸ್ಟಿಮೇಟ್ ಬರೆಸಿ, ಸರ್ವೇಯರರನ್ನು ಮತ್ತೆ ಕರೆಸಿ ತೋರಿಸದೆ ಕೆಲಸ ಮುಂದುವರಿಸಬಾರದು. ಹಳೆಯ ಭಾಗ ಗುಜರಿಗೆ ಹೋಗಿ ಹೊಸದು ಕೂತ ಮೇಲೆ ಪುರಾವೆ ಎಲ್ಲಿಂದ ತರುವುದು?

ಟೋಟಲ್ ಲಾಸಿನಲ್ಲಿ ದೊಡ್ಡ ಜಗಳ ಸಾಲ್ವೇಜಿನದು, ಅಂದರೆ ಉಳಿದ ಗುಜರಿಯ ಬೆಲೆಯದು. ‘ಈ ಕಾರಿಗೆ 1,40,000 ಸಿಗುತ್ತದೆ, ನೀವೇ ಇಟ್ಟುಕೊಳ್ಳಿ, ನಾವು 2,60,000 ಕೊಡುತ್ತೇವೆ’ ಎಂಬ ಮಾತು ಬಂದಾಗ ಕೇಳಬೇಕಾದ್ದು ಒಂದೇ: ಆ ಬೆಲೆಗೆ ಕೊಳ್ಳುವವರು ಯಾರು, ಅವರ ಬಿಡ್ ಬರಹದಲ್ಲಿ ಎಲ್ಲಿದೆ, ಎಷ್ಟು ದಿನ ಚಾಲ್ತಿಯಲ್ಲಿರುತ್ತದೆ? ಕಾಗದ ಇಲ್ಲದಿದ್ದರೆ, ಗುಜರಿಯನ್ನು ನೀವೇ ಒಯ್ದು ಪೂರ್ತಿ ಕೊಡಿ ಎನ್ನುವುದು ನೇರವಾದ ಉತ್ತರ.

ರಿಪೇರಿ ಕ್ಲೇಮಿನ ತಕರಾರು ಇದಕ್ಕಿಂತ ಸಣ್ಣದು, ಆದರೆ ತಪ್ಪುಗಳು ಅಡಗುವುದು ಇಲ್ಲಿಯೇ. ಸಾಮಾನ್ಯ ಪಾಲಿಸಿಯಲ್ಲಿ ರಬ್ಬರ್, ನೈಲಾನ್, ಪ್ಲಾಸ್ಟಿಕ್ ಭಾಗಗಳಿಗೆ, ಟೈರ್, ಬ್ಯಾಟರಿ, ಏರ್‌ಬ್ಯಾಗುಗಳಿಗೆ ಶೇ. 50 ಸವಕಳಿ. ಫೈಬರ್ ಗ್ಲಾಸಿಗೆ ಶೇ. 30. ಗಾಜಿಗೆ ಸವಕಳಿಯೇ ಇಲ್ಲ. ಲೋಹದ ಭಾಗಕ್ಕೆ ಕಾರಿನ ವಯಸ್ಸಿನಂತೆ: ಮೊದಲ ಆರು ತಿಂಗಳು ಏನೂ ಇಲ್ಲ, ನಾಲ್ಕರಿಂದ ಐದು ವರ್ಷದ ಕಾರಿಗೆ ಶೇ. 35, ಹತ್ತು ವರ್ಷ ದಾಟಿದರೆ ಶೇ. 50. ಟಿಂಕರಿಂಗ್ ಕೂಲಿಗೆ ಸವಕಳಿ ಹಾಕುವಂತಿಲ್ಲ.

ಪೇಂಟಿಂಗಿನ ಸಾಲನ್ನು ಕಣ್ಣಿಟ್ಟು ಓದಬೇಕು. ಬಣ್ಣ ಮತ್ತು ಕೂಲಿ ಒಟ್ಟಾಗಿ ಒಂದೇ ಬಿಲ್ಲಿನಲ್ಲಿದ್ದರೆ ಅದರ ಕಾಲು ಭಾಗವನ್ನು ಮಾತ್ರ ಬಣ್ಣದ ಬೆಲೆ ಎಂದು ಹಿಡಿದು ಅದಕ್ಕಷ್ಟೇ ಶೇ. 50 ಕಳೆಯಬೇಕು. ಬಿಲ್ಲು 24,000 ಆಗಿದ್ದರೆ ಬಣ್ಣದ ಪಾಲು 6,000, ಕಡಿತ 3,000. ಯಾರಾದರೂ ಇಡೀ ಬಿಲ್ಲಿಗೇ ಅರ್ಧ ಕತ್ತರಿ ಹಾಕಿದ್ದರೆ 9,000 ರೂಪಾಯಿ ಮಾಲೀಕರ ಜೇಬಿನಿಂದ ಹೋಯಿತು. ಸವಕಳಿ ಕಳೆಯದ ‘ಜೀರೋ ಡೆಪ್’ ಪಾಲಿಸಿ ಇದ್ದವರಿಗೆ ಈ ಕಡಿತಗಳಲ್ಲಿ ಹೆಚ್ಚಿನವು ಇಲ್ಲ. ಕಡ್ಡಾಯವಾಗಿ ಕೈಯಿಂದ ಕಟ್ಟುವ ಮೊತ್ತ ಮಾತ್ರ ಎಲ್ಲರಿಗೂ ಇದೆ: 1500 ಸಿಸಿ ವರೆಗಿನ ಕಾರಿಗೆ 1,000, ಅದಕ್ಕಿಂತ ದೊಡ್ಡದಕ್ಕೆ 2,000.

ಇನ್ನೊಂದು ಬಗೆಯ ಕಡಿತ ಬೆಂಗಳೂರಿನವರಿಗೆ ಚೆನ್ನಾಗಿ ಗೊತ್ತು. 2022ರ ಸೆಪ್ಟೆಂಬರಿನ ಮಳೆಗೆ ಯಮಲೂರು, ಬೆಳ್ಳಂದೂರು ಕಡೆ ಕಾರುಗಳು ನೀರಿನಲ್ಲಿ ನಿಂತಿದ್ದವು. ಹೀಗೆ ನೀರು ಕುಡಿದ ಕಾರನ್ನು ಸ್ಟಾರ್ಟ್ ಮಾಡಿ ಎಂಜಿನ್ ಹಾಳಾದರೆ, ಅದು ಮಳೆಯ ಹಾನಿಯಲ್ಲ, ಆಮೇಲೆ ಮಾಡಿಕೊಂಡದ್ದು ಎಂದು ಕಂಪನಿಗಳು ಎಂಜಿನ್ ವೆಚ್ಚವನ್ನೇ ಕೈಬಿಡುತ್ತವೆ. ಕೀಲಿ ಮುಟ್ಟದೆ ಫೋಟೋ ತೆಗೆದು, ಟೋ ಮಾಡಿಸಿ ಒಯ್ದವರ ಮುಂದೆ ಆ ವಾದ ನಿಲ್ಲುವುದಿಲ್ಲ.

‘ಸರ್ವೇಯರ್ ಹೀಗೆ ಬರೆದಿದ್ದಾರೆ, ನಮ್ಮ ಕೈಯಲ್ಲೇನಿದೆ’ ಎಂಬುದು ಕಂಪನಿ ಕಚೇರಿಗಳ ಸಿದ್ಧ ಉತ್ತರ. ಅದು ಪೂರ್ತಿ ನಿಜವಲ್ಲ. ಸರ್ವೇಯರ್ ವಿಮಾ ನಿಯಂತ್ರಣ ಪ್ರಾಧಿಕಾರದ ಪರವಾನಗಿ ಪಡೆದ ಸ್ವತಂತ್ರ ವ್ಯಕ್ತಿ, ಶುಲ್ಕ ಕೊಡುವುದು ಮಾತ್ರ ಕಂಪನಿ. ಅವರು ಬರೆದದ್ದಕ್ಕಿಂತ ಬೇರೆ ಮೊತ್ತ ಕೊಡುವ ಅಧಿಕಾರವನ್ನು 1938ರ ವಿಮಾ ಕಾಯ್ದೆಯ 64 ಯುಎಂ ಕಲಮೇ ಕಂಪನಿಗೆ ಕೊಟ್ಟಿದೆ. ಸರ್ವೇಯರ್ ವರದಿಯೇ ಕೊನೆಯ ಮಾತಲ್ಲ ಎಂದು ನ್ಯೂ ಇಂಡಿಯಾ ಅಶ್ಯೂರೆನ್ಸ್ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ 2009ರಲ್ಲಿ ಹೇಳಿತು. ಅದೇ ವರ್ಷ ಇನ್ನೊಂದು ತೀರ್ಪಿನಲ್ಲಿ, ಕಾರಣ ಕೊಡದೆ ಆ ವರದಿಯನ್ನು ಬದಿಗೊತ್ತುವಂತಿಲ್ಲ ಎಂದೂ ಹೇಳಿತು. ಎರಡನ್ನೂ ಜೊತೆಗಿಟ್ಟು ಓದಿದರೆ ದಾರಿ ತಿಳಿಯುತ್ತದೆ: ವರದಿಯ ಪ್ರತಿ ಕೇಳಿ ಪಡೆಯಬೇಕು, ತಪ್ಪಾದ ಸಾಲುಗಳಿಗೆ ಗ್ಯಾರೇಜ್ ಬಿಲ್ಲು, ಬಿಡಿಭಾಗದ ದರಪಟ್ಟಿ, ಫೋಟೋ ಸಮೇತ ಬರಹದಲ್ಲಿ ಉತ್ತರಿಸಬೇಕು. ಮೊತ್ತ ದೊಡ್ಡದಿದ್ದರೆ ಬೇರೊಬ್ಬ ಪರವಾನಗಿ ಪಡೆದ ಸರ್ವೇಯರರಿಂದ ಸ್ವಂತ ಖರ್ಚಿನಲ್ಲಿ ವರದಿ ಮಾಡಿಸಬಹುದು. ಕಂಪನಿ ಅದನ್ನು ಒಪ್ಪಲೇಬೇಕೆಂದಿಲ್ಲ. ಮುಂದೆ ತೀರ್ಪು ಕೊಡುವವರ ಮುಂದೆ ಅದಕ್ಕೆ ತೂಕವಿದೆ.

ಹಣ ಬಿಡುಗಡೆಗೆ ಮುನ್ನ ‘ಪೂರ್ಣ ಮತ್ತು ಅಂತಿಮ’ ಎಂಬ ಡಿಸ್ಚಾರ್ಜ್ ವೋಚರಿಗೆ ಸಹಿ ಕೇಳುತ್ತಾರೆ. ಸಹಿ ಹಾಕಿದರೂ ಹೆಚ್ಚಿನ ಪರಿಹಾರ ಕೇಳುವ ಹಕ್ಕು ಹೋಗುವುದಿಲ್ಲ ಎಂದು ಪ್ರಾಧಿಕಾರ 2015ರ ಸೆಪ್ಟೆಂಬರಿನಲ್ಲೇ ಸುತ್ತೋಲೆ ಹೊರಡಿಸಿದೆ. ಆದರೂ ‘ತಕರಾರು ಕಾಯ್ದಿರಿಸಿ ಪಡೆದಿದ್ದೇನೆ’ ಎಂದು ಬರೆದು ಸಹಿ ಹಾಕುವುದು ಜಾಣತನ.

ಕಂಪನಿಯ ದೂರು ವಿಭಾಗಕ್ಕೆ ಬರೆದು ಒಂದು ತಿಂಗಳಲ್ಲಿ ಉತ್ತರ ಬಾರದಿದ್ದರೆ, ಅಥವಾ ಬಂದ ಉತ್ತರ ಒಪ್ಪಿಗೆಯಾಗದಿದ್ದರೆ, ವಿಮಾ ಒಂಬುಡ್ಸ್‌ಮನ್ ಬಳಿ ಹೋಗಬಹುದು. ಕರ್ನಾಟಕದವರಿಗೆ ಆ ಕಚೇರಿ ಬೆಂಗಳೂರಿನ ಜೆ.ಪಿ. ನಗರ ಮೊದಲ ಹಂತದ ಜೀವನ ಸೌಧದಲ್ಲಿದೆ. ಶುಲ್ಕವಿಲ್ಲ, ವಕೀಲರ ಅಗತ್ಯವಿಲ್ಲ, 50 ಲಕ್ಷದವರೆಗೆ ಪರಿಹಾರ ಕೊಡಿಸುವ ಅಧಿಕಾರವಿದೆ. ಆದೇಶವಾದರೆ 30 ದಿನಗಳಲ್ಲಿ ಕಂಪನಿ ಪಾಲಿಸಬೇಕು. ಇನ್ನೊಂದು ದಾರಿ ಜಿಲ್ಲಾ ಗ್ರಾಹಕ ಆಯೋಗ. 2019ರ ಕಾಯ್ದೆಯ ಪ್ರಕಾರ ಮಾಲೀಕರು ತಾವು ವಾಸಿಸುವ ಜಿಲ್ಲೆಯಲ್ಲೇ ದೂರು ಕೊಡಬಹುದು. ಆಯೋಗದಲ್ಲಿ ಪ್ರಕರಣ ಹೂಡಿದವರ ದೂರನ್ನು ಒಂಬುಡ್ಸ್‌ಮನ್ ತೆಗೆದುಕೊಳ್ಳುವುದಿಲ್ಲ, ಹಾಗಾಗಿ ಮೊದಲು ಜೆ.ಪಿ. ನಗರಕ್ಕೆ ಹೋಗುವುದು ಮೇಲು. ಒಂಬುಡ್ಸ್‌ಮನ್‌ಗೆ ಕಂಪನಿಯ ನಿರಾಕರಣೆಯಿಂದ ಒಂದು ವರ್ಷ, ಆಯೋಗಕ್ಕೆ ತಕರಾರಿನ ಕಾರಣ ಹುಟ್ಟಿದ ದಿನದಿಂದ ಎರಡು ವರ್ಷ ಗಡುವಿದೆ.