ಟಿಕೆಟ್ ಸಾಲು ಕೇಳಿದ್ದೇನು?

2014ರ ಡಿಸೆಂಬರ್ ಕೊನೆಯಲ್ಲಿ ಮುಂಬೈ ಲೋಕಲ್‌ಗೆ ‘ಯುಟಿಎಸ್’ ಎಂಬ ಟಿಕೆಟ್ ಆ್ಯಪ್ ಬಂತು. ರೈಲ್ವೆಯ ತಂತ್ರಾಂಶ ಸಂಸ್ಥೆ ‘ಕ್ರಿಸ್’ ಅದನ್ನು ರೂಪಿಸಿತ್ತು. ಪ್ರಯಾಣಿಕರು ಮನೆಯಲ್ಲೇ ಹಣ ಕಟ್ಟಬಹುದಿತ್ತು. ಆದರೆ ನಿಲ್ದಾಣಕ್ಕೆ ಬಂದು ಯಂತ್ರದಲ್ಲಿ ಟಿಕೆಟ್ ಮುದ್ರಿಸಿಕೊಳ್ಳಲೇಬೇಕಿತ್ತು. ಜನರಿಗೆ ಬೇಕಾಗಿದ್ದುದು ಸಾಲಿನಿಂದ ಬಿಡುಗಡೆ. ಮೊದಲ ಆವೃತ್ತಿ ಅದನ್ನು ಅರ್ಧ ಮಾತ್ರ ಕೊಟ್ಟಿತು.

ಮರುವರ್ಷ ಕಾಗದರಹಿತ ಟಿಕೆಟ್ ಬಂತು. ಆಗ ಟಿಕೆಟ್ ಪರೀಕ್ಷಕನ (ಟಿಸಿ) ಅಗತ್ಯಗಳೂ ಲೆಕ್ಕಕ್ಕೆ ಬಂದವು. ಒಂದೇ ಟಿಕೆಟನ್ನು ನಾಲ್ವರು ತೋರಿಸಿದರೆ? ನೆಟ್‌ವರ್ಕ್ ಇಲ್ಲದಿದ್ದರೆ? ಅದಕ್ಕೇ ಟಿಕೆಟನ್ನು ಒಂದು ಫೋನಿಗೆ ಕಟ್ಟಿಹಾಕಲಾಯಿತು, ಇಂಟರ್ನೆಟ್ ಇಲ್ಲದೆಯೂ ತೋರಿಸುವಂತೆ ಮಾಡಲಾಯಿತು. ಪ್ರಯಾಣಿಕನೊಬ್ಬನನ್ನೇ ಕೇಳಿ ಬರೆದ ಬೇಡಿಕೆಗಳ ಪಟ್ಟಿಯಲ್ಲಿ ಇವು ಬರುತ್ತಿರಲಿಲ್ಲ.

ಇನ್ನೊಂದು ಪ್ರಶ್ನೆ ಎಲ್ಲಕ್ಕಿಂತ ಸೂಕ್ಷ್ಮ. ಟಿಸಿಯನ್ನು ಕಂಡ ಮೇಲೆ ಟಿಕೆಟ್ ತೆಗೆದರೆ? ಇದನ್ನು ತಡೆಯಲು ಜಿಪಿಎಸ್ ಬೇಲಿ ಹಾಕಿದರು: ಹಳಿಯ ತೀರಾ ಹತ್ತಿರ ನಿಂತರೆ ಟಿಕೆಟ್ ಸಿಗದು. ನಿಲ್ದಾಣದಿಂದ ತುಂಬಾ ದೂರವಿದ್ದರೂ ಸಿಗದು ಎಂಬ ಹೊರಗಿನ ಮಿತಿಯೂ ಇತ್ತು. ಹಳಿಗೆ ಅಂಟಿಕೊಂಡೇ ಮನೆಗಳಿರುವ ಠಾಣೆ, ಕಲ್ಯಾಣದಂಥ ಊರುಗಳಲ್ಲಿ, ಕೆಲವೇ ಮೀಟರ್ ತಪ್ಪಿ ತೋರಿಸುವ ಜಿಪಿಎಸ್ ಪ್ರಾಮಾಣಿಕ ಪ್ರಯಾಣಿಕನಿಗೂ ಅಡ್ಡಿಯಾಗಬಲ್ಲದು. ಹೊರಗಿನ ಮಿತಿಯನ್ನು ಹಂತಹಂತವಾಗಿ ಸಡಿಲಿಸಿ, 2024ರಲ್ಲಿ ತೆಗೆದೇಹಾಕಿದರು. ಹಳಿಯ ಬಳಿಯ ಒಳಗಿನ ಬೇಲಿಯನ್ನು, ಆ ಅಡ್ಡಿಯಿದ್ದರೂ, ಉಳಿಸಿಕೊಂಡರು. ನನ್ನ ದೃಷ್ಟಿಯಲ್ಲಿ ಇಡೀ ಕಥೆಯ ತಿರುಳು ಇದೇ. ಒಳಗಿನ ಬೇಲಿಯ ಕಾರಣ ಇಂದಿಗೂ ಜೀವಂತ. ಹೊರಗಿನದಕ್ಕೆ ಅಷ್ಟು ಗಟ್ಟಿ ಕಾರಣವಿರಲಿಲ್ಲ. ಲೋಕಲ್‌ನ ಕಾಗದರಹಿತ ಟಿಕೆಟ್ ತೆಗೆದವರು ಒಂದು ಗಂಟೆಯೊಳಗೆ ಪ್ರಯಾಣ ಶುರುಮಾಡಬೇಕೆಂಬ ನಿಯಮ ಹೇಗೂ ಇತ್ತು.

ಹೀಗೆ ಆರಿಸಲು ಪ್ರತಿ ನಿಯಮದ ಕಾರಣ ಗೊತ್ತಿರಬೇಕು. ಆದರೆ ಎಷ್ಟೋ ತಂತ್ರಾಂಶ ಯೋಜನೆಗಳಲ್ಲಿ ‘ಏನು ಬೇಕು’ ಎಂಬುದಷ್ಟೇ ಎಕ್ಸೆಲ್ ಹಾಳೆಗೆ ಹೋಗುತ್ತದೆ. ‘ಯಾಕೆ ಬೇಕು’ ಎಂಬುದು ಮೀಟಿಂಗ್ ಕೋಣೆಯಲ್ಲೇ ಉಳಿಯುತ್ತದೆ. ಎರಡು ವರ್ಷದ ನಂತರ ಹೊಸ ಇಂಜಿನಿಯರ್‌ಗೆ ಯಾವ ನಿಯಮ ಕೀಳಬಹುದು, ಯಾವುದು ಮುಟ್ಟಬಾರದು ಎಂದು ತಿಳಿಯುವುದಿಲ್ಲ. ಹೆದರಿ ಎಲ್ಲವನ್ನೂ ಉಳಿಸುತ್ತಾನೆ, ಇಲ್ಲವೇ ಬೇಕಾದದ್ದನ್ನೇ ಅಳಿಸುತ್ತಾನೆ.

2025ರ ಜುಲೈ 1ರಂದು ‘ರೈಲ್‌ಒನ್’ ಆ್ಯಪ್ ಬಂದಿದೆ. ಕಾಯ್ದಿರಿಸಿದ ಟಿಕೆಟ್, ಲೋಕಲ್ ಟಿಕೆಟ್ ಎರಡೂ ಅದರಲ್ಲೇ. ಹಳೆಯ ನಿಯಮಗಳ ಕಾರಣ ಅದನ್ನು ನಡೆಸುವವರಿಗೂ ಗೊತ್ತಿರಬೇಕು. ಡೊಂಬಿವಲಿಯಿಂದ ಠಾಣೆಗೆ ಬಂದು, ಗಾಡಿ ಬದಲಿಸಿ ಐರೋಲಿ, ಮಹಾಪೆಯ ಕಚೇರಿಗಳಿಗೆ ಹೋಗುವ ಇಂಜಿನಿಯರ್‌ಗಳಲ್ಲಿ ಒಂದು ಕೋರಿಕೆ: ನಿಮ್ಮ ಪಟ್ಟಿಯಲ್ಲಿ ಪ್ರತಿ ಬೇಡಿಕೆಯ ಪಕ್ಕ ಅದನ್ನು ಯಾರು, ಯಾವಾಗ, ಯಾಕೆ ಕೇಳಿದರು ಎಂದು ಬರೆದಿಡಿ.