ಪರದೆಯ ಗೆರೆ, ಹೊಲದ ಬಾಂದುಕಲ್ಲು

ಮಹಾರಾಷ್ಟ್ರದ ದಾಭೋಲ್‌ನಿಂದ ಬೆಂಗಳೂರಿಗೆ ಬರುವ, ಗೇಲ್ ಸಂಸ್ಥೆಯ ಸುಮಾರು ಸಾವಿರ ಕಿ.ಮೀ. ಉದ್ದದ ಅನಿಲ ಕೊಳವೆಮಾರ್ಗ 2013ರಲ್ಲಿ ಚಾಲನೆ ಪಡೆಯಿತು. ಇಂಥದೊಂದು ಮಾರ್ಗ ನಾಳೆ ಹಾನಗಲ್, ಶಿಗ್ಗಾಂವಿ, ಸವಣೂರು, ಹಿರೇಕೆರೂರು ಸೀಮೆಯನ್ನು ಹಾಯುವುದಾದರೆ ಅದರ ಗೆರೆ ಮೊದಲು ಮೂಡುವುದು ಗಣಕದ ಪರದೆಯ ಮೇಲೆ. ಉಪಗ್ರಹ ಚಿತ್ರದ ಮೇಲೆ ಗ್ರಾಮನಕ್ಷೆಯನ್ನು ಹೊದಿಸಿ, ಗೆರೆ ತಾಗುವ ಸರ್ವೆ ನಂಬರುಗಳನ್ನು ಪಟ್ಟಿ ಮಾಡಲಾಗುತ್ತದೆ.

ತೊಡಕಿರುವುದು ಇಲ್ಲಿಯೇ. ಈ ನಕ್ಷೆಗಳ ಮೂಲ, ಸರಪಳಿ ಹಿಡಿದು ಅಳೆದ ಕಾಲದ ಹಳೆಯ ಕಾಗದ. ಪರದೆಯ ಬದುವಿಗೂ ಹೊಲದ ಬದುವಿಗೂ ಕೆಲವು ಮೀಟರ್ ವ್ಯತ್ಯಾಸ ಬರುವುದುಂಟು. ಕೊಳವೆಗೆ ಬೇಕಾದ ಪಟ್ಟಿಯ ಅಗಲವೇ ಇಪ್ಪತ್ತು ಮೀಟರ್ ಆಸುಪಾಸು. ತಪ್ಪಿದರೆ ನೋಟಿಸು ಪಕ್ಕದ ಹೊಲದವರಿಗೆ! ಅಣ್ಣತಮ್ಮಂದಿರು ಬಾಯಿಮಾತಿನಲ್ಲೇ ಪಾಲು ಮಾಡಿಕೊಂಡು, ಪೋಡಿ ಮಾಡಿಸದೆ ಬಿಟ್ಟ ಜಮೀನಾದರೆ ಹಿಸ್ಸೆಯ ಗೆರೆಯೇ ನಕ್ಷೆಯಲ್ಲಿರದು.

1962ರ ಪೆಟ್ರೋಲಿಯಂ ಕೊಳವೆಮಾರ್ಗ ಕಾಯ್ದೆಯ ಪ್ರಕಾರ ಜಮೀನಿನ ಒಡೆತನ ರೈತನದೇ. ಸಂಸ್ಥೆಗೆ ಸಿಗುವುದು ಬಳಕೆಯ ಹಕ್ಕು ಮಾತ್ರ. ಅದಕ್ಕೆ ಪ್ರತಿಯಾಗಿ ಬೆಳೆಹಾನಿ ಪರಿಹಾರವಲ್ಲದೆ ಮಾರುಕಟ್ಟೆ ಬೆಲೆಯ ಶೇ. 10ರಷ್ಟು ಹಣ. ಆದರೆ ಆ ಪಟ್ಟಿಯಲ್ಲಿ ಮುಂದೆ ಮನೆ ಕಟ್ಟುವಂತಿಲ್ಲ, ಬಾವಿ ತೋಡುವಂತಿಲ್ಲ, ಮರ ಬೆಳೆಸುವಂತಿಲ್ಲ. ಹಾನಗಲ್‌ನ ಮಾವಿನ ತೋಟದವರಿಗೆ ಇದು ಸಣ್ಣ ಮಾತಲ್ಲ, ಶೇ. 10 ಅಲ್ಪವೇ ಸರಿ.

ಅಧಿಸೂಚನೆ ಹೊರಬಿದ್ದ 21 ದಿನಗಳೊಳಗೆ ಆಕ್ಷೇಪಣೆ ಸಲ್ಲಿಸಬೇಕು. ನಿಂತ ಜಾಗದ ಸರ್ವೆ ನಂಬರನ್ನು ಸರ್ಕಾರದ ‘ದಿಶಾಂಕ್’ ಆ್ಯಪ್ ತೋರಿಸುತ್ತದೆ, ನಿಜ. ಆದರೆ ಗಡಿಯ ವಾದಕ್ಕೆ ಅದೊಂದೇ ಸಾಲದು. ನಮ್ಮ ಕಡೆ ಉತಾರ ಎನ್ನುವ ಪಹಣಿಯ ಜೊತೆಗೆ, ಭೂಮಾಪಕರು ಹೊಲದಲ್ಲೇ ನಿಂತು ಅಳೆದುಕೊಟ್ಟ ನಕ್ಷೆಯೂ ಕೈಯಲ್ಲಿರಬೇಕು.